ಒಂದು ಕಾಲಕ್ಕೆ ತಪ್ಪು ಅಂದದ್ದನ್ನೇ ಆಮೇಲೆ ಹಕ್ಕು ಅಂದರೆ, ಧರ್ಮಸಭೆ (ಕಥೋಲಿಕ ಚರ್ಚು) ತಪ್ಪಿತ್ತೋ ಇಲ್ಲವೋ?

ಸಂಜೆಪಾಠ (ದಾವಣಗೆರೆ)

ನಮ್ಮ ಚರ್ಚಿನಲ್ಲಿ ಪಿಯುಸಿ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ತಗೊಳ್ಳೋದು ನಾನು. ಕಾಮರ್ಸ್ ಓದೋ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ. ಅದಕ್ಕೇ ಇಲ್ಲಿ ಹಾಕ್ತಿದ್ದೀನಿ.

1864ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೇ ಪಿಯುಸ್ ತಮ್ಮ ಕಾಲದ ತಪ್ಪು ಅಭಿಪ್ರಾಯಗಳ ಒಂದು ಪಟ್ಟಿ ಹೊರಡಿಸಿದರು. ಒಟ್ಟು 80. ಅದರಲ್ಲಿ ಹದಿನೈದನೆಯದು: ತನ್ನ ವಿವೇಕಕ್ಕೆ ಸತ್ಯ ಅಂತ ತೋರಿದ ಧರ್ಮವನ್ನು ಒಪ್ಪಿ ಪಾಲಿಸೋಕೆ ಪ್ರತಿಯೊಬ್ಬ ಮನುಷ್ಯನೂ ಸ್ವತಂತ್ರ. ಗಮನಿಸಿ, ಇದು ತಪ್ಪುಗಳ ಪಟ್ಟಿಯಲ್ಲಿರೋ ಮಾತು. 1965ರ ಡಿಸೆಂಬರ್ 7ರಂದು ಎರಡನೇ ವ್ಯಾಟಿಕನ್ ಮಹಾಸಭೆ (ಲೋಕದ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಸೇರೋ ಸಭೆ) ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು 2308–70 ಮತಗಳಿಂದ ಅಂಗೀಕರಿಸಿತು. ಅದು ಮನುಷ್ಯನ ಘನತೆಯಿಂದಲೇ ಬಂದ ಹಕ್ಕು ಅಂದಿತು.

ಹುಡುಗಿ ಕೇಳಿದ್ದು ಇಷ್ಟೇ: "ಸರ್, ಎರಡರಲ್ಲಿ ಯಾವುದು ತಪ್ಪು?"

ಫಾದರ್ ಹತ್ತಿರ ಕೇಳಿದೆ. "ಅದು ಬೋಧನೆಯ ಬೆಳವಣಿಗೆ" ಅಂದವರೇ ಮದುವೆ ಪೂಜೆಗೆ ಹೊರಟರು. ಬೆಳವಣಿಗೆಗೂ ತಪ್ಪು ತಿದ್ದಿಕೊಳ್ಳೋದಕ್ಕೂ ನಡುವೆ ಗೆರೆ ಎಲ್ಲಿದೆ? ಬಡ್ಡಿ, ಗುಲಾಮಗಿರಿ, ಮರಣದಂಡನೆ, ಎಲ್ಲದಕ್ಕೂ ಇದೇ ಪ್ರಶ್ನೆ. ಓದಿಕೊಂಡವರು ಹೇಳಿ. ಮತಾಂತರದ ಜಗಳ ತರೋರು ದಯವಿಟ್ಟು ಬೇರೆ ಕಡೆ ಹೋಗಿ.

ಕೊನೆಬೆಂಚು

ಮೊದಲು ಆ ಹುಡುಗಿಗೆ ಕಾಮರ್ಸ್ ಬಿಡಿಸಿ ಲಾ ಓದಿಸಿ ಸರ್.

ಹರಿಹರದ_ಹೊಳೆ

ಸೆಮಿನರಿಯಲ್ಲಿ ಕೆಲವು ವರ್ಷ ಇದ್ದು ಹೊರಗೆ ಬಂದವನು ನಾನು. ಈ ಪ್ರಶ್ನೆ ಅಲ್ಲಿ ಪ್ರತಿ ಬ್ಯಾಚಿನಲ್ಲೂ ಬರ್ತಿತ್ತು.

ಮೊದಲನೇದಾಗಿ ಆ 80 ವಾಕ್ಯಗಳು ಬಿಡಿ ಬಿಡಿ ತೀರ್ಪುಗಳಲ್ಲ. ಪೋಪ್ ಅದಕ್ಕೂ ಹಿಂದೆ ಬರೆದ ಪತ್ರ, ಮಾಡಿದ ಭಾಷಣಗಳಿಂದ ಎತ್ತಿ ಜೋಡಿಸಿದ ಒಂದು ಸೂಚಿ. ಮೂಲ ಎಲ್ಲಿದೆ ಅಂತ ಅಲ್ಲೇ ನಮೂದಾಗಿದೆ. 80ನೆಯದನ್ನು ಓದಿ ಎಲ್ಲರೂ ನಗ್ತಾರೆ: ಪೋಪ್ ಆದವರು ಪ್ರಗತಿ, ಉದಾರವಾದ, ಆಧುನಿಕ ನಾಗರಿಕತೆ ಇವುಗಳ ಜೊತೆ ರಾಜಿ ಮಾಡಿಕೊಳ್ಳಬೇಕು ಅನ್ನೋದು ತಪ್ಪಂತೆ! ಮೂಲ ತೆಗೆದು ನೋಡಿದರೆ ಅದು 1861ರ ಭಾಷಣ. ಆಗ ಇಟಲಿಯಲ್ಲಿ ಪೀಡ್ಮಾಂಟ್ ಸರ್ಕಾರ ಪ್ರಗತಿಯ ಹೆಸರು ಹೇಳಿಕೊಂಡು ಮಠಗಳನ್ನು ಮುಚ್ಚಿಸಿ ಆಸ್ತಿ ಎತ್ತಿಕೊಳ್ತಿತ್ತು. ಆ ಪ್ರಗತಿಯ ಜೊತೆ ರಾಜಿ ಇಲ್ಲ ಅಂದರು. ಪಟ್ಟಿಯನ್ನು ಹೀಗೇ ಓದಬೇಕು ಅಂತ 1875ರಲ್ಲೇ ಇಂಗ್ಲೆಂಡಿನ ಕಥೋಲಿಕ ದೇವಶಾಸ್ತ್ರಿ ನ್ಯೂಮನ್ ವಾದಿಸಿದ್ದರು.

ಎರಡನೇದು, ತಪ್ಪಾಗೋದಿಲ್ಲ ಅನ್ನೋ ಭರವಸೆ ಪೋಪ್ ಆಡಿದ ಎಲ್ಲ ಮಾತಿಗೂ ಇಲ್ಲ. 1870ರ ಮೊದಲನೇ ವ್ಯಾಟಿಕನ್ ಮಹಾಸಭೆ ಅದಕ್ಕೆ ಬಿಗಿಯಾದ ಷರತ್ತು ಹಾಕಿದೆ. ಸಾಮಾನ್ಯವಾಗಿ ಎಣಿಸೋದು ಎರಡೇ ಸಂದರ್ಭ: 1854ರಲ್ಲಿ ಅಮಲೋದ್ಭವ ಮಾತೆ (ಮರಿಯಮ್ಮ ಜನ್ಮಪಾಪ ಇಲ್ಲದೆ ಉದ್ಭವಿಸಿದರು ಅನ್ನೋದು), 1950ರಲ್ಲಿ ಮಾತೆಯ ಸ್ವರ್ಗಸ್ವೀಕಾರ (ಅವರು ದೇಹ ಸಮೇತ ಸ್ವರ್ಗಕ್ಕೆ ಹೋದರು ಅನ್ನೋದು). ಬಡ್ಡಿ, ಕೂಲಿ, ಸರ್ಕಾರ, ಯುದ್ಧ ಇವುಗಳ ಬಗ್ಗೆ ಅಂಥದ್ದು ಒಂದೂ ಇಲ್ಲ. 1990ರಲ್ಲಿ ವ್ಯಾಟಿಕನ್ನೇ ಹೊರಡಿಸಿದ ಸೂಚನೆಯೊಂದು, ಆಯಾ ಕಾಲದ ಪ್ರಶ್ನೆಗಳಿಗೆ ಕೊಟ್ಟ ಬೋಧನೆಗಳಲ್ಲಿ ಕೊರತೆ ಇದ್ದಿರಬಹುದು ಅಂತ ಒಪ್ಪಿದೆ.

ಮೂರನೇದು, 1864ರವರು ಬೈದದ್ದು ಎಲ್ಲ ಧರ್ಮವೂ ಒಂದೇ, ಯಾವುದಾದರೇನು ಅನ್ನೋ ವಾದವನ್ನು. 1965ರವರು ಹೇಳಿದ್ದು ಧರ್ಮದ ವಿಷಯದಲ್ಲಿ ಸರ್ಕಾರ ಬಲವಂತ ಮಾಡಬಾರದು ಅಂತ. ಪ್ರಶ್ನೆಯೇ ಬೇರೆ ಬೇರೆ.

ದುರ್ಗದ_ಬಂಡೆ

ನಾನು ಕ್ರೈಸ್ತ ಅಲ್ಲ. ದುರ್ಗದೋನು, ತಾಲ್ಲೂಕು ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದೋನು. ಹೊಳೆ ಸಾಹೇಬ್ರು ಹೇಳಿದ್ದು ಪಹಣಿ ತಿದ್ದುಪಡಿ ಇದ್ದಂಗೈತೆ. ಹಳೇ ಪಹಣಿ ತಪ್ಪಿತ್ತು ಅಂತ ಯಾವ ಅಧಿಕಾರಿನೂ ಬರಕೊಡಲ್ಲ. ಹೊಸ ಹೆಸರು ಬಂದು ಕುಂತ್ಕಂತೈತೆ, ಮುಗೀತು. ತಪ್ಪು ಹೆಸರಿದ್ದಷ್ಟು ವರ್ಷ ಬೆಳೆ ಪರಿಹಾರ ಇನ್ನೊಬ್ಬ ತಿಂದಿರ್ತಾನಲ್ಲ, ಅದನ್ನ ಕೇಳೋರೇ ಇಲ್ಲ.

ಕೊನೆಬೆಂಚು

ಬಂಡೆಯಣ್ಣ 🙏🙏

ಸಂಜೆಪಾಠ

ಹೊಳೆ ಸರ್, ನಿಮ್ಮ ಮೂರನೇ ಮಾತು ನನಗೆ ಗಂಟಲಲ್ಲಿ ಇಳೀತಿಲ್ಲ. ಅದೇ ಪಟ್ಟಿಯ 77 ನೋಡಿ. ಕಥೋಲಿಕ ಧರ್ಮವನ್ನೇ ರಾಜ್ಯದ ಒಂದೇ ಧರ್ಮವಾಗಿಟ್ಟುಕೊಂಡು ಉಳಿದ ಆರಾಧನೆಗಳನ್ನೆಲ್ಲ ಹೊರಗಿಡೋದು ಈ ಕಾಲಕ್ಕೆ ಸೂಕ್ತವಲ್ಲ ಅನ್ನೋದೂ ತಪ್ಪು ಅಂತ ಇದೆ. 24ರಲ್ಲಿ, ಬಲಪ್ರಯೋಗದ ಅಧಿಕಾರ ಧರ್ಮಸಭೆಗೆ ಇಲ್ಲ ಅನ್ನೋದೂ ತಪ್ಪು. ಇವು ಸರ್ಕಾರ, ಬಲವಂತ ಅನ್ನೋ ವಿಷಯಕ್ಕೇ ಬಂದವು.

ಹರಿಹರದ_ಹೊಳೆ

77ರ ಮೂಲ 1855ರ ಭಾಷಣ, ಸ್ಪೇನ್ ದೇಶದ ಬಗ್ಗೆ. ಅಲ್ಲಿ ಸರ್ಕಾರವೇ ಒಪ್ಪಂದ ಮುರಿದಿತ್ತು.

ಸಂಜೆಪಾಠ

ಒಂದು ಸ್ಪೇನಿನ ಕಥೆ, ಇನ್ನೊಂದು ಪೀಡ್ಮಾಂಟಿನ ಕಥೆ. ಹಾಗಾದರೆ ಇಡೀ ಲೋಕಕ್ಕೆ ಕಳಿಸಿದ್ದು ಯಾಕೆ ಸರ್?

ನೋಟರಿ_577002

ವಕೀಲನಾಗಿ ಒಂದು ಮಾತು. 1976ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎಡಿಎಂ ಜಬಲ್ಪುರ ಪ್ರಕರಣದಲ್ಲಿ ತುರ್ತು ಪರಿಸ್ಥಿತಿ ಇರುವಾಗ ಬಂಧನದಲ್ಲಿರುವವನು ಹೇಬಿಯಸ್ ಕಾರ್ಪಸ್ ಅರ್ಜಿ (ಬಂಧನ ಕಾನೂನಿಗೆ ಸರಿಯಾ ಅಂತ ಪ್ರಶ್ನಿಸೋ ಅರ್ಜಿ) ಹಾಕೋ ಹಾಗಿಲ್ಲ ಅಂದುಬಿಟ್ಟಿತು. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಹೆಸರು ಹಿಡಿದು ರದ್ದು ಮಾಡಿತು. ಅದರಲ್ಲಿ ಗಂಭೀರ ದೋಷ ಇತ್ತು ಅಂತ ಬರೆದವರು ಡಿ.ವೈ. ಚಂದ್ರಚೂಡ್. 1976ರ ಬಹುಮತದಲ್ಲಿ ಕೂತಿದ್ದವರು ಅವರ ತಂದೆ ವೈ.ವಿ. ಚಂದ್ರಚೂಡ್. ಅಪ್ಪನ ತೀರ್ಪಿಗೆ ಮಗನೇ ಗೆರೆ ಎಳೆದ. ಕೋರ್ಟಿನ ಮರ್ಯಾದೆ ಎಲ್ಲೂ ಹೋಗಲಿಲ್ಲ. ಆಗಿನ ಸಂದರ್ಭ ಬೇರೆ ಇತ್ತು, ಇದು ಬೆಳವಣಿಗೆ ಅಂತ ಸುತ್ತಿ ಬಳಸಿ ಬರೆದಿದ್ದರೆ ಮರ್ಯಾದೆ ಹೋಗ್ತಿತ್ತು.

ಹರಿಹರದ_ಹೊಳೆ

ನೋಟರಿ ಸಾಹೇಬ್ರೇ, ಧರ್ಮಸಭೆಯಲ್ಲೂ ಹೆಸರು ಹಿಡಿದು ಹೇಳಿದ್ದುಂಟು. 680–81ರ ಕಾನ್ಸ್ಟಾಂಟಿನೋಪಲ್ ಮಹಾಸಭೆ ತೀರಿಹೋಗಿದ್ದ ಪೋಪ್ ಹೊನೋರಿಯುಸರನ್ನೇ ಖಂಡಿಸಿತು. 14ನೇ ಶತಮಾನದಲ್ಲಿ ಪೋಪ್ ಇಪ್ಪತ್ತೆರಡನೇ ಯೋವಾನ್ನರು, ನೀತಿವಂತರ ಆತ್ಮಗಳು ಕಡೇ ತೀರ್ಪಿನ ದಿನದವರೆಗೂ ದೇವರ ಮುಖ ಕಾಣೋದಿಲ್ಲ ಅಂತ ಪ್ರಸಂಗ ಮಾಡಿ, ದೇವಶಾಸ್ತ್ರಿಗಳೆಲ್ಲ ತಿರುಗಿಬಿದ್ದ ಮೇಲೆ 1334ರಲ್ಲಿ ಸಾವಿನ ಹಾಸಿಗೆಯಲ್ಲಿ ಹಿಂತೆಗೆದುಕೊಂಡರು. ಗೆಲಿಲಿಯೊ ವಿಷಯ ಎಲ್ಲರಿಗೂ ಗೊತ್ತು, 1633ರ ತೀರ್ಪಿನ ಬಗ್ಗೆ 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮಾತಾಡಿದರು.

ದುರ್ಗದ_ಬಂಡೆ

1633ರಿಂದ 1992. ನಮ್ಮ ದುರ್ಗದ ಸಿವಿಲ್ ಕೋರ್ಟು ಎಷ್ಟೋ ವಾಸಿ.

ಗುಂಪುಸಾಲ

ಎಲ್ಲರೂ 1864ರಲ್ಲೇ ಕೂತಿದ್ದೀರಿ. ಬಡ್ಡಿ ವಿಷಯ ಅಂತ ಸಂಜೆಪಾಠ ಸರ್ ಬರೆದರು, ಅದನ್ನು ಯಾರೂ ಮುಟ್ಟಲಿಲ್ಲ.

ನಮ್ಮ ಓಣಿಯಲ್ಲಿ ಬೆಳಿಗ್ಗೆ ಏಳಕ್ಕೆ ಗುಂಪುಸಾಲದ ಮೀಟಿಂಗು. ಚಾಪೆ ಹಾಕಿ ಸಾಲಾಗಿ ಕೂರಬೇಕು, ಪಾಸ್‌ಬುಕ್ಕು ಮಡಿಲಲ್ಲಿ. ಒಬ್ಬಳ ಕಂತು ಬರಲಿಲ್ಲ ಅಂದರೆ ಮಿಕ್ಕವರು ಯಾರೂ ಏಳೋ ಹಾಗಿಲ್ಲ. ಕಲೆಕ್ಷನ್ ಹುಡುಗ ಬೈಯೋದೂ ಇಲ್ಲ, ಸುಮ್ಮನೆ ಬೈಕ್ ಮೇಲೆ ಕೂತು ಮೊಬೈಲ್ ನೋಡ್ತಿರ್ತಾನೆ. ಮಂಡಕ್ಕಿ ಭಟ್ಟಿಗೆ ಹೋಗೋ ಹೆಣ್ಣುಮಕ್ಕಳಿಗೆ ಹೊತ್ತಾದರೆ ಆ ದಿನದ ಕೂಲಿ ಹೋಯ್ತು. ಅದಕ್ಕೇ ಅವರೇ ಸೆರಗಿನ ಗಂಟು ಬಿಚ್ಚಿ ಹತ್ತು ಇಪ್ಪತ್ತು ಕೂಡಿಸಿ, ಬಾರದವಳ ಕಂತು ತುಂಬಿಸಿ ಓಡ್ತಾರೆ. ಸಂಜೆ ಅವಳ ಮನೆ ಮುಂದೆ ಜಗಳ. ಸಾಲ ಕೊಟ್ಟವನ ಕೈಗೆ ಒಂದು ಚೂರೂ ಮಸಿ ಹತ್ತಲ್ಲ.

ಬಡ್ಡಿ ತಗೊಳ್ಳೋದೇ ಪಾಪ ಅಂತ ಧರ್ಮಸಭೆ ಒಂದು ಕಾಲಕ್ಕೆ ಹೇಳ್ತಿತ್ತಲ್ಲ? ಅದನ್ನು ಬಿಟ್ಟದ್ದು ಯಾವಾಗ, ಯಾಕೆ? ಹೊಳೆ ಅಣ್ಣ, ಗೊತ್ತಿದ್ದರೆ ಹೇಳಿ.

ಹರಿಹರದ_ಹೊಳೆ

ಅಕ್ಕ, 1179ರ ಮೂರನೇ ಲ್ಯಾಟೆರನ್ ಮಹಾಸಭೆ, ಬಹಿರಂಗವಾಗಿ ಬಡ್ಡಿ ದಂಧೆ ಮಾಡೋರಿಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡೋ ಪವಿತ್ರ ರೊಟ್ಟಿ) ಇಲ್ಲ, ಸತ್ತರೆ ಕ್ರೈಸ್ತ ಸಮಾಧಿಯೂ ಇಲ್ಲ ಅಂತ ನಿಯಮ ಮಾಡಿತ್ತು. 1745ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ಮತ್ತೆ ಅದನ್ನೇ ಹೇಳಿದರು: ಸಾಲ ಕೊಟ್ಟೆ ಅನ್ನೋ ಒಂದೇ ಕಾರಣಕ್ಕೆ ಅಸಲಿಗಿಂತ ಹೆಚ್ಚು ಕೇಳಬಾರದು. ಆದರೆ ಸಾಲ ಕೊಟ್ಟಿದ್ದರಿಂದ ನನಗೆ ನಿಜವಾಗಿ ನಷ್ಟ ಆಯ್ತು, ಅಥವಾ ಆ ದುಡ್ಡಿಂದ ಬರಬೇಕಿದ್ದ ಲಾಭ ತಪ್ಪಿತು ಅಂತಾದರೆ ಅಷ್ಟು ಕೇಳಬಹುದು. ಇಷ್ಟು ಸಂದಿ ಮೊದಲಿಂದಲೂ ಇತ್ತು. 1830ರ ಹೊತ್ತಿಗೆ, ಕಾನೂನು ಒಪ್ಪಿದ ದರದಲ್ಲಿ ಬಡ್ಡಿ ತಗೊಳ್ಳೋರನ್ನು ಪಾಪನಿವೇದನೆಯಲ್ಲಿ (ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಕೇಳುವಾಗ) ಕೆಣಕಬೇಡಿ ಅಂತ ರೋಮಿನಿಂದ ಗುರುಗಳಿಗೆ, ಅಂದರೆ ಪಾದ್ರಿಗಳಿಗೆ, ಸೂಚನೆ ಹೋಯ್ತು. 1917ರ ಧರ್ಮಸಭೆಯ ಕಾನೂನಿನಲ್ಲಿ ಅದೇ ನಿಯಮವಾಗಿ ಬಂತು.

ತತ್ವ ಬದಲಾಗಲಿಲ್ಲ. ದುಡ್ಡು ಬದಲಾಯ್ತು. ಹಳೇ ಕಾಲದಲ್ಲಿ ಸಾಲ ಅಂದರೆ ಬರಗಾಲದಲ್ಲಿ ಜೋಳಕ್ಕೆ ಕೊಟ್ಟ ಕೈಗಡ. ಈಗ ದುಡ್ಡು ಬಂಡವಾಳ.

ಗುಂಪುಸಾಲ

ನಮ್ಮ ಓಣಿಯಲ್ಲಿ ಈಗಲೂ ಅಕ್ಕಿಗೇ ಸಾಲ ಮಾಡೋದು. ಬಂಡವಾಳ ಆಗಿರೋದು ನಿಮ್ಮ ಪೇಟೆಯಲ್ಲಿರಬಹುದು.

ಕೊನೆಬೆಂಚು

ಹೊಳೆ ಸರ್ ಬೌಲ್ಡ್.

ನೋಟರಿ_577002

ಗುಂಪುಸಾಲ ಮೇಡಂ, ಕಾನೂನು ವಿಷಯಕ್ಕೆ ಸೀಮಿತವಾಗಿ: ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು. ಬೈಕ್ ಮೇಲೆ ಸುಮ್ಮನೆ ಕೂರೋದು ಕಿರುಕುಳವೇ ಅಂತ ಸಾಬೀತು ಮಾಡೋದು ಕಷ್ಟ, ಆದರೆ ದೂರು ಕೊಡಿ. ಮೀಟರ್ ಬಡ್ಡಿಯವರಾದರೆ ಖಂಡಿತ ಕೊಡಿ.

ಗುಂಪುಸಾಲ

ಕೊಡ್ತೀವಿ ಸರ್. ನನ್ನ ಮಾತು ಅದಲ್ಲ. ಇಲ್ಲಿ ಎಲ್ಲರೂ ಹಳೇದು ತಪ್ಪು, ಹೊಸದು ಸರಿ, ಹಳೇದನ್ನು ತಪ್ಪು ಅಂತ ಯಾಕೆ ಒಪ್ಪಲ್ಲ ಅಂತ ಕೇಳ್ತಿದ್ದೀರಿ. ಬಡ್ಡಿ ವಿಷಯದಲ್ಲಿ ಉಲ್ಟಾ. 1179ರವರು ಸರಿಯಾಗೇ ನೋಡಿದ್ದರು ಅನ್ಸುತ್ತೆ, 1830ರವರು ಸಡಿಲ ಬಿಟ್ಟರು. ತಪ್ಪು ಹೊಸ ಬೋಧನೆಯಲ್ಲೂ ನುಸುಳಬಹುದು. ಬೆಳವಣಿಗೆ ಅಂದ ತಕ್ಷಣ ಮೇಲಕ್ಕೇ ಬೆಳೆದಿದೆ ಅಂತ ಯಾರು ಹೇಳಿದ್ದು?

ಹರಿಹರದ_ಹೊಳೆ

ಇದನ್ನು ನಾನು ಎದುರಾಡಲ್ಲ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ಪತ್ರದ ಮೊದಲ ಪುಟಗಳಲ್ಲೇ, ಧರ್ಮಸಭೆ ಎಷ್ಟು ಸಲ ಖಂಡಿಸಿದರೂ ಹಪಾಹಪಿಯ ಬಡ್ಡಿ ಬೇರೆ ಬೇರೆ ವೇಷದಲ್ಲಿ ನಡೀತಾನೇ ಇದೆ ಅನ್ನೋ ಅರ್ಥದ ಮಾತಿದೆ. ಈಗಿನ ಹದಿನಾಲ್ಕನೇ ಲಿಯೋ ಆ ಹೆಸರು ಇಟ್ಟುಕೊಂಡದ್ದೂ ಆ ಪತ್ರ ಬರೆದವರ ನೆನಪಿಗೇ.

ದುರ್ಗದ_ಬಂಡೆ

ವ್ಯಾಟಿಕನ್‌ಗೆ ಸ್ವಂತ ಬ್ಯಾಂಕೇ ಐತಲ್ಲ ಸಾಹೇಬ್ರೇ, 1942ರಿಂದ?

ಹರಿಹರದ_ಹೊಳೆ

ಇದೆ. ಅದರ ಕಥೆ ತೆಗೆದರೆ ಬೆಳಗಾಗುತ್ತೆ.

ಮಿಲ್ಲುಮಗ

1891ರ ಪತ್ರ ಅಂದ್ರಲ್ಲ, ಅದಕ್ಕ ಬರೀತೀನಿ. ನಮ್ಮಪ್ಪ ದಾವಣಗೆರಿ ಹತ್ತಿ ಮಿಲ್ಲಿನಾಗ ಸ್ಪಿನ್ನಿಂಗ್ ಖಾತೆಯೊಳಗ ಇದ್ದ. ಕಮ್ಯುನಿಸ್ಟ್ ಮುಖಂಡ ಕಾಮ್ರೇಡ್ ಪಂಪಾಪತಿಯವ್ರ ಕಾಲ ಅದು. ಮಿಲ್ಲಿನ ಮಂದಿಗೆ ಯೂನಿಯನ್ ಅಂದ್ರ ಕೆಂಪು ಬಾವುಟದ್ದ. ಅಪ್ಪನ ಕಾರ್ಡು ಮನಿಯಾಗ ಯೇಸುವಿನ ಪವಿತ್ರ ಹೃದಯದ ಫೋಟೋದ ಹಿಂದ ಸಿಗಿಸಿರ್ತಿದ್ದ. ಹತ್ತಿ ಧೂಳಿಗೆ ಫೋಟೋ ಗ್ಲಾಸು ಮಸುಕಾಗಿತ್ತು, ಕಾರ್ಡು ಮಾತ್ರ ಹೊಸದಂಗ ಇತ್ತು.

ಆಗಿದ್ದ ಗುರುಗಳು ಪಾಪನಿವೇದನಿಗೆ ಹೋದಾಗ ಕಾರ್ಡು ಬಿಡು, ಇಲ್ಲಾಂದ್ರ ಪ್ರಸಾದಕ್ಕ ಬರಬ್ಯಾಡ ಅಂದ್ರಂತ. ಅಪ್ಪ ಕಾರ್ಡು ಬಿಡಲಿಲ್ಲ. ಭಾನುವಾರ ತಪ್ಪದ ಚರ್ಚಿಗೆ ಬರ್ತಿದ್ದ, ಹಿಂದ ಬಾಗಲದ ಹತ್ರ ನಿಂದ್ರತಿದ್ದ, ಪ್ರಸಾದಕ್ಕ ಹೋಗ್ತಿರಲಿಲ್ಲ. ಕೂಲಿ ಕೇಳೋದು ಪಾಪ ಹೆಂಗ ಆಗ್ತೈತಿ ಅಂತ ಅವನಿಗೆ ತಿಳೀಲೇ ಇಲ್ಲ. ದೊಡ್ಡವನಾದ ಮ್ಯಾಲ ನಾನು ಓದಿದೆ. ಸಂಘ ಕಟ್ಟೋದು ಕಾರ್ಮಿಕರ ಹಕ್ಕು ಅಂತ 1891ರ ಪತ್ರದಾಗ ಬರದೈತಿ.

ಹರಿಹರದ_ಹೊಳೆ

ಆ ಗುರುಗಳ ಮನಸ್ಸಲ್ಲಿ ಇದ್ದದ್ದು 1949ರ ಜುಲೈ ಆದೇಶ ಇರಬೇಕು. ಕಮ್ಯುನಿಸ್ಟ್ ಪಕ್ಷ ಸೇರಿದವರಿಗೆ, ಬೆಂಬಲಿಸಿದವರಿಗೆ ಪರಮಪ್ರಸಾದ, ಪಾಪನಿವೇದನೆಯಂಥ ಸಂಸ್ಕಾರಗಳಿಲ್ಲ ಅಂತ ರೋಮ್ ಹೊರಡಿಸಿತ್ತು. ಅದಕ್ಕೂ ಮೊದಲು 1931ರಲ್ಲಿ ಹನ್ನೊಂದನೇ ಪಿಯುಸ್, ಒಬ್ಬನೇ ಮನುಷ್ಯ ಒಳ್ಳೇ ಕಥೋಲಿಕನೂ ನಿಜವಾದ ಸಮಾಜವಾದಿಯೂ ಆಗೋಕೆ ಸಾಧ್ಯವಿಲ್ಲ ಅಂದಿದ್ದರು.

ಆದರೆ 1963ರ ಏಪ್ರಿಲ್‌ನಲ್ಲಿ ಇಪ್ಪತ್ಮೂರನೇ ಯೋವಾನ್ನರು ಲೋಕಶಾಂತಿಯ ಬಗ್ಗೆ ಬರೆದ ಪತ್ರ ಓದಿ. ತಪ್ಪು ಬೇರೆ, ತಪ್ಪಿದವನು ಬೇರೆ ಅಂತಾರೆ. ತಪ್ಪಿದ ಮಾತ್ರಕ್ಕೆ ಮನುಷ್ಯ ಮನುಷ್ಯತ್ವ ಕಳಕೊಳ್ಳಲ್ಲ, ಅವನ ಘನತೆ ಹೋಗಲ್ಲ. ಹಾಗೇ ತಪ್ಪು ತತ್ವಜ್ಞಾನ ಬೇರೆ, ಅದರಿಂದ ಹುಟ್ಟಿದ ಜನಚಳವಳಿ ಬೇರೆ. ಚಳವಳಿ ಬದಲಾಗ್ತಾ ಹೋಗುತ್ತೆ, ಅದರಲ್ಲಿ ಒಳ್ಳೇದು ಇರಬಹುದು ಅಂದರು. ನಿಮ್ಮ ತಂದೆಯಂಥವರ ಬಗ್ಗೆಯೇ ಬರೆದ ಹಾಗಿದೆ. ಗುರುಗಳು ಅದನ್ನು ಓದಿರಲಿಲ್ಲ. ಅದು ಅವರ ತಪ್ಪು, ಬೋಧನೆಯದ್ದಲ್ಲ.

ಮಿಲ್ಲುಮಗ

ಹೊಳಿಯಣ್ಣ, ಬೋಧನಿ ಅನ್ನೋದು ನಮ್ಮಪ್ಪನ ಹತ್ರ ಬರೋದು ರೋಮಿನಿಂದ ಅಂಚಿನಾಗ ಅಲ್ಲ, ಆ ಗುರುಗಳ ಬಾಯಿಂದ. 1949ರದ್ದು ದಾವಣಗೆರಿಗೆ ಲಗೂನ ಬಂತು, 1963ರದ್ದು ಬರಲೇ ಇಲ್ಲ. ಬೈಯೋ ಕಾಗದ ಜೋರು ಓಡ್ತೈತಿ.

ಸಂಜೆಪಾಠ

ಬೈಯೋ ಕಾಗದ... ಇದನ್ನು ಬರೆದಿಟ್ಟುಕೊಂಡೆ.

ಕೊನೆಬೆಂಚು

ವಿಷಯಾಂತರ: ಸೆಪ್ಟೆಂಬರ್ 8ಕ್ಕೆ ಹರಿಹರ ಆರೋಗ್ಯ ಮಾತೆ ಹಬ್ಬಕ್ಕೆ ಬೈಕ್ ತರಬಹುದಾ, ಬಸ್ಸೇ ವಾಸಿನಾ?

ಹರಿಹರದ_ಹೊಳೆ

ಬಸ್ಸು. ಇಲ್ಲಾಂದ್ರೆ ರೈಲು. ಬೈಕ್ ತಂದರೆ ಹೊಳೆ ಆಚೆ ನಿಲ್ಲಿಸಿ ನಡೀಬೇಕು.

ಹೆರಿಗೆವಾರ್ಡು

ನರ್ಸ್ ನಾನು, ಕಥೋಲಿಕಳು. ಗಂಡಸರೆಲ್ಲ ಸೇರಿ ಒಂದು ವಿಷಯ ಜಾಣತನದಿಂದ ಬಿಟ್ಟಿದ್ದೀರಿ.

ಗರ್ಭನಿರೋಧಕ ಮಾತ್ರೆ, ಕುಟುಂಬ ಯೋಜನೆ ಬಗ್ಗೆ ಅಧ್ಯಯನ ಮಾಡೋಕೆ 1963ರಲ್ಲಿ ರೋಮಿನಲ್ಲಿ ಒಂದು ಆಯೋಗ ಆಯ್ತು, ಪೋಪ್ ಆರನೇ ಪೌಲ್ ಅದನ್ನು ದೊಡ್ಡದು ಮಾಡಿದರು. ಅದರಲ್ಲಿ ಮದುವೆಯಾದ ದಂಪತಿಗಳೂ ಇದ್ದರು. 1966ರಲ್ಲಿ ಬಹುಮತದವರು ಬೋಧನೆ ಬದಲಾಗಬಹುದು ಅಂದರು. ಅಲ್ಪಮತದವರು ಕೊಟ್ಟ ವಾದ ಏನು ಗೊತ್ತಾ? 1930ರಲ್ಲಿ ಆಂಗ್ಲಿಕನ್ನರು (ಇಂಗ್ಲೆಂಡಿನ ಚರ್ಚಿನವರು) ಲ್ಯಾಂಬೆತ್ ಸಮ್ಮೇಳನದಲ್ಲಿ ಗರ್ಭನಿರೋಧಕ್ಕೆ ಒಪ್ಪಿದರು, ಅದೇ ವರ್ಷ ನಮ್ಮ ಪೋಪ್ ಬೇಡ ಅಂದರು. ಈಗ ನಾವು ಬದಲಾದರೆ 1930ರಲ್ಲಿ ಪವಿತ್ರಾತ್ಮರು ಅವರ ಕಡೆ ಇದ್ದರು ಅಂತ ಒಪ್ಪಿಕೊಂಡಂತಾಗುತ್ತೆ! 1968ರ ಜುಲೈ 25ರ ಪೋಪರ ಪತ್ರದಲ್ಲಿ ಅಲ್ಪಮತದವರೇ ಗೆದ್ದರು.

ನಮ್ಮ ವಾರ್ಡಿಗೆ ಮೂರು ಹೆರಿಗೆಯಾಗಿ ನಾಲ್ಕನೇದಕ್ಕೆ ಬರ್ತಾರೆ. ರಕ್ತ ನೋಡಿದರೆ ಹಿಮೋಗ್ಲೋಬಿನ್ ಆರು ಗ್ರಾಂ. ಉಗುರು ಕಾಗದದ ಹಾಗೆ ಬೆಳ್ಳಗೆ. ಆಪರೇಷನ್ ಮಾಡಿಸಿಕೊಂಡರೆ ಪಾಪಾನಾ ಸಿಸ್ಟರ್ ಅಂತ ಮೆಲ್ಲಗೆ ಕೇಳ್ತಾರೆ. ಹಿಂದೆ ಹೇಳಿದ್ದು ತಪ್ಪಾಗಿಬಿಡುತ್ತೆ ಅನ್ನೋ ಭಯ ರೋಮಿನವರದ್ದು. ಆ ಭಯಕ್ಕೆ ರಕ್ತ ಕೊಡಬೇಕಾದವಳು ಇವಳು.

ಹರಿಹರದ_ಹೊಳೆ

ಆರನೇ ಪೌಲ್ ಆ ಒಂದೇ ವಾದಕ್ಕೆ ಒಪ್ಪಿದರು ಅನ್ನೋದು ಸರಿಯಲ್ಲ ಮೇಡಂ. ಅವರ ಪತ್ರದಲ್ಲಿ ಬೇರೆ ತರ್ಕ ಇದೆ. ಸರ್ಕಾರಗಳು ಇದನ್ನು ಜನರ ಮೇಲೆ ಬಲವಂತವಾಗಿ ಹೇರಬಹುದು ಅನ್ನೋ ಎಚ್ಚರಿಕೆಯೂ ಇದೆ. ಏಳೆಂಟು ವರ್ಷದಲ್ಲೇ ತುರ್ತು ಪರಿಸ್ಥಿತಿಯ ಸಂತಾನಹರಣದ ಕ್ಯಾಂಪುಗಳನ್ನು ನಮ್ಮ ದೇಶ ನೋಡಿತು. ಅದನ್ನೂ ಸ್ವಲ್ಪ ತೂಕಕ್ಕೆ ಹಾಕಿ.

ಹೆರಿಗೆವಾರ್ಡು

ಹಾಕ್ತೀನಿ. ಬಲವಂತ ಮಾಡೋದೂ ತಪ್ಪು, ಬೇಡ ಅನ್ನೋದಕ್ಕೆ ಬಲವಂತ ಮಾಡೋದೂ ತಪ್ಪು. ನೀವು ಒಂದನ್ನೇ ತೂಗ್ತೀರಿ.

ಸಂಜೆಪಾಠ

ಮನಸ್ಸಾಕ್ಷಿ ಅನ್ನೋದು ಇಲ್ಲಿ ಬರಬೇಕಲ್ಲವಾ ಹೊಳೆ ಸರ್?

ಹರಿಹರದ_ಹೊಳೆ

ಬರಲೇಬೇಕು. ತಪ್ಪಿದ ಮನಸ್ಸಾಕ್ಷಿಯೂ ಮನುಷ್ಯನನ್ನು ಕಟ್ಟಿಹಾಕುತ್ತೆ ಅಂತ ಸಂತ ತೋಮಸ್ ಅಕ್ವಿನಾಸ್ ಹೇಳಿದ್ದಾರೆ. ಅವರು ಕೊಡೋ ಉದಾಹರಣೆ ಕೇಳಿದರೆ ಬೆಚ್ಚಿಬೀಳ್ತೀರಿ: ಕ್ರಿಸ್ತನನ್ನು ನಂಬೋದು ಕೆಟ್ಟದ್ದು ಅಂತ ಒಬ್ಬನ ವಿವೇಕ ಅವನಿಗೆ ತೋರಿಸಿಕೊಟ್ಟರೆ, ಅವನು ನಂಬಿದರೆ ಅದೇ ತಪ್ಪು. 13ನೇ ಶತಮಾನದಲ್ಲಿ ಒಬ್ಬ ಸನ್ಯಾಸಿ ಬರೆದದ್ದು ಇದು! ಆದರೆ ಅಲ್ಲಿಗೇ ನಿಲ್ಲಲ್ಲ. ಕಟ್ಟಿಹಾಕುತ್ತೆ, ಎಲ್ಲ ಸಲವೂ ಕ್ಷಮೆ ಕೊಡಿಸಲ್ಲ. ತಿಳಿಯೋಕೆ ಸಾಧ್ಯವೇ ಇರದ ಅಜ್ಞಾನಕ್ಕೆ ದೋಷವಿಲ್ಲ. ತಿಳಿಯಬಹುದಿತ್ತು, ಬೇಕಂತಲೇ ಕಣ್ಣು ಮುಚ್ಚಿಕೊಂಡ ಅಂದರೆ ದೋಷ ಇದೆ. 18ನೇ ಶತಮಾನದ ಸಂತ ಲಿಗೋರಿ ಇನ್ನೊಂದು ಹೆಜ್ಜೆ ಹೋದರು. ಪ್ರಾಮಾಣಿಕವಾಗಿ ತಿಳಿಯದೆ ಬಾಳ್ತಿರೋನಿಗೆ ತಿಳಿಸಿ ಹೇಳಿದರೆ ಕೆಡುಕೇ ಹೆಚ್ಚು ಅನ್ನಿಸಿದರೆ ಗುರು ಸುಮ್ಮನಿರಲಿ ಅಂದರು. ಅವರನ್ನೇ 1950ರಲ್ಲಿ ಪಾಪನಿವೇದನೆ ಕೇಳೋ ಗುರುಗಳ ಪಾಲಕ ಸಂತ ಅಂತ ಘೋಷಿಸಿದ್ದು.

ದುರ್ಗದ_ಬಂಡೆ

ಅಬ್ಬಾ, ಆ ಅಕ್ವಿನಾಸ್ ಮಾತು ಚೆನ್ನಾಗೈತೆ. ಹಂಗಾರೆ ಒಂದು ಕೇಳ್ತೀನಿ. ಒಬ್ಬೊಬ್ಬ ಮನುಷ್ಯ ತಪ್ಪಿದಾಗ ಇಷ್ಟು ಸೂಕ್ಷ್ಮವಾಗಿ ತೂಗ್ತೀರಿ, ತಿಳೀದೆ ಮಾಡಿದ್ನೋ ತಿಳಿದೂ ಮಾಡಿದ್ನೋ ಅಂತ. ಸಂಸ್ಥೆ ತಪ್ಪಿದಾಗ ಆ ತಕ್ಕಡಿ ಎಲ್ಲಿಟ್ಟಿರ್ತೀರಿ?

ಹಿಂದಿನಸಾಲು

ಬಂಡೆ ಅಣ್ಣ ಸರಿಯಾದ ಜಾಗಕ್ಕೆ ಬಂದರು. ನಾನು ಓದ್ತಾ ಇದ್ದೆ, ಯಾವಾಗ ಬರುತ್ತೆ ಅಂತ ಕಾಯ್ತಿದ್ದೆ. ಬರಲಿಲ್ಲ. ಜಾತಿ.

ನಾವು ದಲಿತ ಕ್ರೈಸ್ತರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ನಮಗೆ ಪರಿಶಿಷ್ಟ ಜಾತಿ ಮೀಸಲಾತಿ ಇಲ್ಲ, ಕ್ರೈಸ್ತರಲ್ಲಿ ಜಾತಿ ಇಲ್ಲವಂತೆ. ಚರ್ಚಿನೊಳಗೆ ಹೋದರೆ ಮದುವೆ ಸಂಬಂಧ ಕೇಳುವಾಗ ಜಾತಿ ಇದೆ. ತಮಿಳುನಾಡಿನ ತಿರುಚ್ಚಿಯ ಸ್ಮಶಾನದಲ್ಲಿ ನಮ್ಮವರಿಗೂ ಮೇಲಿನವರಿಗೂ ಮಧ್ಯೆ ಗೋಡೆ ಇದ್ದದ್ದು ಪೇಪರಲ್ಲೇ ಬಂದಿದೆ.

ಇತಿಹಾಸ ನೋಡಿ. 1606ರಲ್ಲಿ ಮಧುರೈಗೆ ಬಂದ ಇಟಲಿಯ ಗುರು ರಾಬರ್ಟ್ ಡಿ ನೊಬಿಲಿ ಬ್ರಾಹ್ಮಣ ಸನ್ಯಾಸಿಯ ವೇಷ ಹಾಕಿದರು. ಜನಿವಾರ, ಜುಟ್ಟು ಇಟ್ಟುಕೊಂಡೇ ಕ್ರೈಸ್ತರಾಗಬಹುದು ಅಂತ 1623ರಲ್ಲಿ ರೋಮ್ ಒಪ್ಪಿತು. ಮೇಲುಜಾತಿಗೆ ಒಬ್ಬ ಗುರು, ನಮಗೆ ಬೇರೆ ಗುರು ಅನ್ನೋ ಪದ್ಧತಿ ಬೆಳೀತು. 1744ರಲ್ಲಿ ಪೋಪ್, ಗುರುಗಳು ಪರಯರ (ತಮಿಳುನಾಡಿನ ಒಂದು ದಲಿತ ಜಾತಿ) ಮನೆಗೂ ಹೋಗಿ ಸಂಸ್ಕಾರ ಕೊಡಲೇಬೇಕು ಅಂತ ಕಟ್ಟುನಿಟ್ಟು ಮಾಡಿದರು. ಆಗ ಏನು ಮಾಡಿದರು ಗೊತ್ತಾ? ಪರಯರಿಗೆಂದೇ ಪ್ರತ್ಯೇಕ ಗುರುಗಳ ಒಂದು ವರ್ಗ ಮಾಡಿಬಿಟ್ಟರು. ಆದೇಶವೂ ಪಾಲಿಸಿದಂತಾಯ್ತು, ಮಡಿಯೂ ಉಳೀತು.

ಈಗ ಹೇಳಿ. ಜಾತಿ ಸರಿ ಅಂತ ಯಾವ ಪೋಪೂ ಬರೆದಿಲ್ಲ. ಹಾಗಾಗಿ ಹಿಂತೆಗೆದುಕೊಳ್ಳೋಕೆ ಏನೂ ಇಲ್ಲ, ಬೆಳವಣಿಗೆ ಅನ್ನೋಕೂ ಏನೂ ಇಲ್ಲ. ನಿಮ್ಮ ಆ 80 ತಪ್ಪುಗಳ ಪಟ್ಟಿ ತೆಗೆದು ನೋಡಿ, ಜಾತಿ ಇಲ್ಲ. ಅದು ಹೊರಬಂದಾಗ ಅಮೆರಿಕದಲ್ಲಿ ಗುಲಾಮಗಿರಿ ಮೇಲೆ ಯುದ್ಧವೇ ನಡೀತಿತ್ತು, ಗುಲಾಮಗಿರಿಯೂ ಇಲ್ಲ. ಪ್ರಗತಿ ಇದೆ, ಉದಾರವಾದ ಇದೆ. ಯಾವುದನ್ನು ತಪ್ಪು ಅಂತ ಎಣಿಸಲಿಲ್ಲವೋ ಅದೇ ದೊಡ್ಡದಿತ್ತು.

ಹೆರಿಗೆವಾರ್ಡು

👏

ಹರಿಹರದ_ಹೊಳೆ

ಗುಲಾಮಗಿರಿ ಬಗ್ಗೆ 1537ರಲ್ಲೇ ಪೋಪ್ ಮೂರನೇ ಪೌಲ್, ಅಮೆರಿಕದ ಮೂಲನಿವಾಸಿಗಳ ಸ್ವಾತಂತ್ರ್ಯ ಕಸಿಯಬಾರದು ಅಂದಿದ್ದರು. 1839ರಲ್ಲಿ ಹದಿನಾರನೇ ಗ್ರೆಗರಿ ಗುಲಾಮರ ವ್ಯಾಪಾರವನ್ನು ಖಂಡಿಸಿದ್ದಾರೆ.

ಹಿಂದಿನಸಾಲು

ಅದಕ್ಕೂ ಮೊದಲು 1452ರಲ್ಲಿ ಐದನೇ ನಿಕೋಲಸ್ ಪೋರ್ಚುಗಲ್ ರಾಜನಿಗೆ ಅನ್ಯಧರ್ಮೀಯರನ್ನು ಶಾಶ್ವತ ಗುಲಾಮರಾಗಿಸೋಕೆ ಅಪ್ಪಣೆ ಕೊಟ್ಟರು, ಅದನ್ನು ಬಿಟ್ಟಿರಿ. 1839ರ ಹಿಂದಿನ ವರ್ಷವೇ ಅಮೆರಿಕದ ಯೇಸುಸಭೆಯವರು (ಜೆಸ್ವಿಟ್ ಗುರುಗಳು) ತಮ್ಮ ತೋಟದ 272 ಗುಲಾಮರನ್ನು ಮಾರಿದರು. ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸೋಕೆ ಆ ದುಡ್ಡು ಬಳಕೆಯಾಯ್ತು.

2023ರ ಮಾರ್ಚ್ 30ರಂದು ವ್ಯಾಟಿಕನ್ 1452ರದ್ದರಂಥ ಆ ಹಳೇ ಪೋಪ್ ಶಾಸನಗಳ ಬಗ್ಗೆ ಮಾತಾಡಿತು. ಅವು ಎಂದೂ ಕಥೋಲಿಕ ವಿಶ್ವಾಸದ ಅಭಿವ್ಯಕ್ತಿ ಆಗಿರಲಿಲ್ಲ, ವಸಾಹತು ರಾಜರು ದುರುಪಯೋಗ ಮಾಡಿಕೊಂಡರು ಅಂತ. ಮೂಲನಿವಾಸಿಗಳ ಘನತೆಯನ್ನು ಅವು ಸಾಕಷ್ಟು ಬಿಂಬಿಸಲಿಲ್ಲ ಅಂತಲೂ ಒಪ್ಪಿತು. ಸಾಕಷ್ಟು!

ಸಂಜೆಪಾಠ

2016ರ ಡಿಸೆಂಬರ್‌ನಲ್ಲಿ ಭಾರತದ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣ ನೀತಿ ತಂತು. ಧರ್ಮಸಭೆಯೊಳಗೆ ತಾರತಮ್ಯ ಇದೆ ಅಂತ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಅದು ನೇರವಾಗೇ ಇದೆ ಅಲ್ಲವಾ?

ಹಿಂದಿನಸಾಲು

ಇದೆ ಸರ್. ಓದಿದ್ದೀನಿ. ನಮ್ಮ ಚರ್ಚಿನ ನೋಟಿಸ್ ಬೋರ್ಡಿಗೆ ಬಂದಿಲ್ಲ. ಮಿಲ್ಲುಮಗ ಅಣ್ಣ ಹೇಳಿದ್ದೇ.

ಮಿಲ್ಲುಮಗ

ಹೌದು ನೋಡ್ರಿ.

ನೋಟರಿ_577002

ಮರಣದಂಡನೆ ಇನ್ನೂ ಬಾಕಿ ಇದೆ. 1796ರಿಂದ 1864ರವರೆಗೆ ಪೋಪರ ರಾಜ್ಯದಲ್ಲಿ (ಆಗ ಇಟಲಿಯಲ್ಲಿ ಪೋಪರೇ ಆಳ್ತಿದ್ದ ಪ್ರದೇಶ) ಬುಗಾತ್ತಿ ಅನ್ನೋ ಒಬ್ಬನೇ ವಧಕಾರ 516 ಜನರ ಪ್ರಾಣ ತೆಗೆದ. 2018ರ ಆಗಸ್ಟ್‌ನಲ್ಲಿ ಧರ್ಮೋಪದೇಶ ಗ್ರಂಥದ 2267ನೇ ಪರಿಚ್ಛೇದ ತಿದ್ದಿ ಮರಣದಂಡನೆ ಒಪ್ಪತಕ್ಕದ್ದಲ್ಲ ಅಂದರು. ಅದಕ್ಕೂ ಬೆಳವಣಿಗೆ ಅಂತಲೇ ಹೆಸರು.

ಹರಿಹರದ_ಹೊಳೆ

ಅಲ್ಲಿ ಮಾತ್ರ ನೀವು ಕೇಳ್ತಿರೋದು ಸಿಕ್ಕಿದೆ. 2017ರ ಅಕ್ಟೋಬರ್ 11ರಂದು ಪೋಪ್ ಫ್ರಾನ್ಸಿಸ್ ಮಾಡಿದ ಭಾಷಣ ತೆಗೆಯಿರಿ. ಪೋಪರ ರಾಜ್ಯದಲ್ಲೂ ಈ ಅಮಾನುಷ ಶಿಕ್ಷೆ ಇತ್ತು, ಹಿಂದಿನದಕ್ಕೆ ನಾವು ಹೊಣೆ ಹೊರೋಣ, ಆಗಿನ ಮನೋಭಾವ ಕ್ರೈಸ್ತತನಕ್ಕಿಂತ ಕಾನೂನಿಗೆ ಹೆಚ್ಚು ಅಂಟಿಕೊಂಡಿತ್ತು ಅನ್ನೋ ಅರ್ಥದಲ್ಲಿ ಹೇಳಿದ್ದಾರೆ. ಇದಕ್ಕಿಂತ ನೇರ ಏನು ಬೇಕು?

ನೋಟರಿ_577002

ಅದೇ ಭಾಷಣದಲ್ಲಿ ಇದು ಹಿಂದಿನ ಬೋಧನೆಗೆ ವಿರುದ್ಧ ಅಲ್ಲ ಅಂತಲೂ ಇದೆ.

ಹರಿಹರದ_ಹೊಳೆ

ಇದೆ. ಮಾಡಿದ್ದು ತಪ್ಪು, ಬೋಧಿಸಿದ್ದು ತಪ್ಪಲ್ಲ ಅಂತ ನಾನು ಓದಿಕೊಳ್ತೀನಿ.

ಮಿಲ್ಲುಮಗ

516 ಮಂದಿ ತಲಿ ಹೋಗಿದ್ದು ಬೋಧನಿ ಇಲ್ಲದನ?

ನೋಟರಿ_577002

ಬೋಧನೆ ಇತ್ತು. 13ನೇ ಶತಮಾನದ ಆರಂಭದಲ್ಲಿ ವಾಲ್ಡೆನ್ಸಿಯನ್ ಪಂಥದವರು ಧರ್ಮಸಭೆಗೆ ಮರಳುವಾಗ ಪೋಪ್ ಮೂರನೇ ಇನ್ನೊಸೆಂಟ್ ಅವರಿಗೆ ಒಂದು ಪ್ರಮಾಣವಚನ ಗೊತ್ತುಮಾಡಿದ್ದರು. ರಾಜ್ಯಾಧಿಕಾರ ಮಹಾಪಾಪವಿಲ್ಲದೆ ಮರಣದಂಡನೆ ಕೊಡಬಹುದು ಅಂತ ಅವರು ಒಪ್ಪಬೇಕಿತ್ತು. ಒಪ್ಪದಿದ್ದರೆ ಒಳಗೆ ಬಿಡ್ತಿರಲಿಲ್ಲ.

ಹರಿಹರದ_ಹೊಳೆ

ಷರತ್ತು ಇತ್ತಲ್ಲ ಸರ್. ದ್ವೇಷದಿಂದಲ್ಲ, ನ್ಯಾಯಕ್ಕಾಗಿ, ಆತುರಕ್ಕೆ ಬಿದ್ದಲ್ಲ, ವಿವೇಚನೆಯಿಂದ.

ನೋಟರಿ_577002

ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟರೂ ಅದು ಒಪ್ಪಿಗೆಯೇ. 2018ರಲ್ಲಿ ಷರತ್ತೇ ಇಲ್ಲ. ಅಂದು ಮರಣದಂಡನೆಯನ್ನು ಪೂರ್ತಿ ಬೇಡ ಅಂತಿದ್ದವರು ಆ ವಾಲ್ಡೆನ್ಸಿಯನ್ನರು.